ಕಣ್ಣಿಗೆ ಅರ್ಧ ಗಂಟೆ ಕೊಡಿ

ಪ್ರೊಜೆಕ್ಟರ್ ಬೆಳಕನ್ನು ಪರದೆ ಮೇಲೆ ಬಿಟ್ಟು ಎಲ್ಲರೂ ನೋಡಿರುತ್ತೀರಿ. ಮಂಜಿನ ಒಳಗೆ ಬಿಟ್ಟು ನೋಡಿದ್ದೀರಾ?

ನಮ್ಮದು ತೀರ್ಥಹಳ್ಳಿ ಕಡೆ. ಜುಲೈ ಬಂತೆಂದರೆ ಮಂಜು ಗುಡ್ಡದಿಂದ ಇಳಿದು ಅಂಗಳಕ್ಕೇ ಬಂದು ಕೂರುತ್ತದೆ. ಹೋದ ಮಳೆಗಾಲದಲ್ಲಿ ಮಳೆ ಸ್ವಲ್ಪ ಹೊಳವಾದ ಒಂದು ರಾತ್ರಿ, ಸ್ನೇಹಿತರೊಬ್ಬರ ಪ್ರೊಜೆಕ್ಟರ್ ತಂದು ಜಗಲಿಯ ಮೇಜಿನ ಮೇಲಿಟ್ಟು, ಲ್ಯಾಪ್‌ಟಾಪ್‌ನಲ್ಲಿ ಕಪ್ಪು ಹಿನ್ನೆಲೆ ಮಾಡಿ ಅದರ ಮೇಲೆ ತೆಳ್ಳಗಿನ ಒಂದು ಬಿಳಿ ವೃತ್ತ ಬರೆದು, ಅಂಗಳದ ಕಡೆ ತಿರುಗಿಸಿದೆವು. ಮನೆಯ ಬೇರೆ ದೀಪ ಎಲ್ಲ ಆರಿಸಿದ್ದೆವು. ಪ್ರೊಜೆಕ್ಟರ್ ಪಕ್ಕದಲ್ಲಿ ನಿಂತು ನೋಡಿದರೆ ಏನೂ ವಿಶೇಷ ಇಲ್ಲ, ಮಸುಕಾಗಿ ಬೆಳಕು ಹೋಗುತ್ತಿದೆ ಅಷ್ಟೆ. ಆದರೆ ಅಂಗಳದ ಆ ತುದಿಗೆ, ಅಡಿಕೆ ಒಣಗಿಸುವ ಚಪ್ಪರದ ಹತ್ತಿರ ಹೋಗಿ ನಿಂತು ಈ ಕಡೆ ತಿರುಗಿದರೆ ಇಡೀ ಗಾಳಿಯಲ್ಲಿ ಒಂದು ದೊಡ್ಡ ಶಂಕು ನಿಂತಿತ್ತು. ಒಳಗೆ ಟೊಳ್ಳು. ಅದರ ಗೋಡೆ ತೆಳ್ಳಗೆ, ಬಿಳಿ, ಒಳಗೊಳಗೇ ಹರಿಯುತ್ತಿರುವ ಮಂಜಿನ ಗೆರೆಗಳು. ಅಣ್ಣನ ಮಗಳು ಕೈ ಚಾಚಿ ಅರ್ಧಕ್ಕೆ ನಿಲ್ಲಿಸಿ, "ಚಿಕ್ಕಪ್ಪ, ಇದನ್ನ ಮುಟ್ಬಹುದಾ?" ಅಂತ ಕೇಳಿದಳು. ಮುಟ್ಟಿದಳು. ಕೈ ಬೆಳಕನ್ನು ಕತ್ತರಿಸಿದ ಜಾಗದಿಂದ ಒಂದು ಕಪ್ಪು ಹಾಳೆ ಹಿಂದಿನ ತನಕ ಸೀಳಿಕೊಂಡು ಹೋಯಿತು. ಆಮೇಲೆ ಮಕ್ಕಳನ್ನು ಒಳಗೆ ಕರೆಯಲು ಸಾಕುಬೇಕಾಯಿತು. (ಪ್ರೊಜೆಕ್ಟರ್ ಲೆನ್ಸನ್ನು ನೇರ ದಿಟ್ಟಿಸಬಾರದು, ಅದನ್ನು ಮಕ್ಕಳಿಗೆ ಮೊದಲೇ ಹೇಳಿ.)

ಈ ಉಪಾಯ ನನ್ನದಲ್ಲ. ಆಂಥನಿ ಮೆಕ್‌ಕಾಲ್ ಅನ್ನುವ ಬ್ರಿಟಿಷ್ ಕಲಾವಿದರದ್ದು. 1973ರಲ್ಲಿ ಅವರು 'ಲೈನ್ ಡಿಸ್ಕ್ರೈಬಿಂಗ್ ಎ ಕೋನ್' ಅಂತ 30 ನಿಮಿಷದ ಒಂದು 16 ಎಂಎಂ ಸಿನಿಮಾ ಮಾಡಿದರು. ಅದರಲ್ಲಿ ಕತೆ ಇಲ್ಲ, ಪಾತ್ರ ಇಲ್ಲ. ಕಪ್ಪಿನಲ್ಲಿ ಒಂದು ಬಿಳಿ ಚುಕ್ಕಿ. ಚುಕ್ಕಿ ನಿಧಾನವಾಗಿ ಗೆರೆಯಾಗಿ ಬೆಳೆದು ಕೊನೆಗೆ ಪೂರ್ತಿ ವೃತ್ತ ಆಗುತ್ತದೆ. ಅಷ್ಟೆ. ಆದರೆ ನೋಡುವವರು ಪರದೆಗೆ ಬೆನ್ನು ಹಾಕಿ ಪ್ರೊಜೆಕ್ಟರ್ ಕಡೆ ಮುಖ ಮಾಡಿ ನಿಲ್ಲಬೇಕು. ಆಗ ಆ ಅರ್ಧ ಗಂಟೆಯಲ್ಲಿ ಅವರ ಸುತ್ತಲೇ ಬೆಳಕಿನ ಶಂಕು ಕಟ್ಟಿಕೊಳ್ಳುತ್ತಾ ಹೋಗುತ್ತದೆ. ಎದುರು ನಿಂತರೇ ಜಾಸ್ತಿ ಕಾಣುವುದಕ್ಕೆ ಕಾರಣ ಇದೆ. ಸಣ್ಣ ಹನಿಗೆ ಬಡಿದ ಬೆಳಕು ಹೆಚ್ಚಿನ ಪಾಲು ಮುಂದಕ್ಕೇ ಚದುರುತ್ತದೆ, ಹಿಂದಕ್ಕೆ ಬರುವುದು ಕಮ್ಮಿ. ನಮ್ಮ ಅಂಗಳದಲ್ಲೂ ಆಗಿದ್ದು ಅದೇ.

ಮೊದಮೊದಲು ಮೆಕ್‌ಕಾಲ್ ಇದನ್ನು ತೋರಿಸುತ್ತಿದ್ದದ್ದು ನ್ಯೂಯಾರ್ಕಿನ ಹಳೇ ಕಟ್ಟಡಗಳಲ್ಲಿ. ಅಲ್ಲಿ ಧೂಳು ಬೇಕಾದಷ್ಟಿತ್ತು, ಜನ ಸಿಗರೇಟು ಸೇದುತ್ತಿದ್ದರು, ಬೆಳಕು ಅದರ ಮೇಲೆ ಬಿದ್ದು ಕಾಣುತ್ತಿತ್ತು. ಒಮ್ಮೆ ಸ್ವೀಡನ್ನಿನ ಒಂದು ಗ್ಯಾಲರಿಗೆ ಹೋದರೆ ಅಲ್ಲಿ ಗಾಳಿ ಎಷ್ಟು ಚೊಕ್ಕಟ ಅಂದರೆ ಕಲಾಕೃತಿಯೇ ಕಾಣಲಿಲ್ಲ! ಬೆಳಕು ಇತ್ತು, ಅದು ಬಡಿಯಲು ಏನೂ ಇರಲಿಲ್ಲ. ಎಪ್ಪತ್ತರ ದಶಕದ ಕೊನೆಗೆ ಅವರು ಕಲೆಯನ್ನೇ ಬಿಟ್ಟು, ಸುಮಾರು ಇಪ್ಪತ್ತು ವರ್ಷ ಬೇರೆ ಕೆಲಸ ಮಾಡಿ, ಹೊಗೆಮಂಜು ಬಿಡುವ ಯಂತ್ರಗಳು ಬಂದ ಮೇಲೆ ಮತ್ತೆ ಶುರು ಮಾಡಿದರು. ನಮಗೆ ಯಂತ್ರ ಬೇಡ, ಮಳೆಗಾಲ ಸಾಕು. ಬೇಸಿಗೆಯಲ್ಲೂ ಬೇಕು ಅಂದರೆ ಅಡಿಕೆ ಬೇಯಿಸುವ ಕೊಟ್ಟಿಗೆ ಇದೆಯಲ್ಲ. ಒಲೆ ಹೊಗೆ ತುಂಬಿದಾಗ ಗಾಜಿನ ಹೆಂಚಿನಿಂದ ಇಳಿಯುವ ಬಿಸಿಲುಕೋಲನ್ನು ನೋಡದ ಮಲೆನಾಡಿನವರು ಯಾರಿದ್ದಾರೆ? ಬಾಗಿಲು ತೆಗೆದು ಹೊಗೆ ಹೋದ ತಕ್ಷಣ ಕೋಲು ಮಾಯ. ನೆಲದ ಮೇಲಿನ ಬಿಸಿಲು ಮಾತ್ರ ಅಲ್ಲೇ ಇರುತ್ತದೆ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, 'ಲೈಟ್ ಇನ್‌ಸ್ಟಲೇಷನ್' (ಬೆಳಕಿನಿಂದಲೇ ಕಟ್ಟುವ ಕಲಾಕೃತಿ) ಅಂದ ಕೂಡಲೇ ನಮ್ಮಲ್ಲಿ ಜನ ನೆನೆಸಿಕೊಳ್ಳುವುದು ಬಣ್ಣಬಣ್ಣದ ಎಲ್‌ಇಡಿ, ಲೇಸರ್, ಸೆಲ್ಫಿ ಪಾಯಿಂಟ್. ಅರವತ್ತರ ದಶಕದಿಂದ ಈ ಕೆಲಸ ಮಾಡುತ್ತಾ ಬಂದವರಲ್ಲಿ ನನಗೆ ಹಿಡಿಸಿದವರು ಅದಕ್ಕೆ ಪೂರ್ತಿ ಉಲ್ಟಾ. ಅವರು ಬೆಳಕು ಜಾಸ್ತಿ ಮಾಡಲಿಲ್ಲ, ಕಡಿಮೆ ಮಾಡಿದರು. ಅವರ ಸಾಮಗ್ರಿ ಬಲ್ಬ್ ಅಲ್ಲ, ನೋಡುವವರ ಕಣ್ಣು. ಕಣ್ಣಿಗೆ ಏನು ಬೇಕು ಅಂದರೆ ಸ್ವಲ್ಪ ಕತ್ತಲೆ, ಸ್ವಲ್ಪ ಹೊತ್ತು. ಅವೆರಡೂ ಮಲೆನಾಡಿನಲ್ಲಿ ಇನ್ನೂ ಸಿಗುತ್ತವೆ.

ಜೇಮ್ಸ್ ಟರೆಲ್ ಹೆಸರು ಕೇಳಿರಬಹುದು. 1943ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದವರು. ಕಾಲೇಜಿನಲ್ಲಿ ಓದಿದ್ದು ಚಿತ್ರಕಲೆಯಲ್ಲ, ಮನುಷ್ಯ ಹೇಗೆ ನೋಡುತ್ತಾನೆ ಅನ್ನುವ ಮನಶ್ಶಾಸ್ತ್ರ. 1966ರಲ್ಲಿ ಮಾಡಿದ 'ಅಫ್ರಮ್' ಅನ್ನುವ ಕೆಲಸದಲ್ಲಿ ಇರುವುದು ಇಷ್ಟೇ: ಖಾಲಿ ಕೋಣೆ, ಎರಡು ಗೋಡೆ ಸೇರುವ ಮೂಲೆ, ಆ ಮೂಲೆಗೆ ಪ್ರೊಜೆಕ್ಟರ್‌ನಿಂದ ಬಿಟ್ಟ ಒಂದು ಬಿಳಿ ಆಕಾರ. ದೂರದಿಂದ ನೋಡಿದರೆ ಮೂಲೆಯಲ್ಲಿ ಬೆಳಕಿನ ಘನವೊಂದು ಗಾಳಿಯಲ್ಲಿ ತೇಲುತ್ತದೆ. ಹತ್ತಿರ ಹೋದರೆ ಬರೀ ಗೋಡೆ. ಗೋಡೆ ಅಂತ ಗೊತ್ತಾದ ಮೇಲೂ ಹಿಂದೆ ಸರಿದರೆ ಮತ್ತೆ ಘನವೇ! ಗೊತ್ತಿರುವುದಕ್ಕೂ ಕಾಣುವುದಕ್ಕೂ ಸಂಬಂಧವೇ ಇಲ್ಲ ಅನ್ನುವುದು ಒಂದು ಕೋಣೆಯಲ್ಲಿ ನಿಂತು ಅನುಭವಕ್ಕೆ ಬರುತ್ತದೆ. 1980ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿ ಟರೆಲ್ ಪ್ರದರ್ಶನ ನಡೆದಾಗ ಒಬ್ಬ ಹೆಂಗಸು ಗೋಡೆ ಇದೆ ಅಂತ ಒರಗಲು ಹೋಗಿ ಬಿದ್ದು ಕೈ ಮುರಿದುಕೊಂಡರು. ಅಲ್ಲಿ ಇದ್ದದ್ದು ಬೆಳಕು ಮಾತ್ರ. ವಿಷಯ ಕೋರ್ಟಿನವರೆಗೂ ಹೋಯಿತು.

ಅವರ ಇನ್ನೊಂದು ಸರಣಿಗೆ 'ಗಾನ್ಸ್‌ಫೆಲ್ಡ್' ಅಂತ ಹೆಸರು. ಮೂಲೆ ಇಲ್ಲದ, ನೆರಳಿಲ್ಲದ ಕೋಣೆ, ಎಲ್ಲ ಕಡೆಯಿಂದ ಒಂದೇ ಸಮ ಬೆಳಕು. ಕಣ್ಣಿಗೆ ಹಿಡಿದುಕೊಳ್ಳಲು ಒಂದು ಅಂಚೂ ಸಿಗುವುದಿಲ್ಲ. ನಮ್ಮ ಕಣ್ಣು ಕೆಲಸ ಮಾಡುವುದೇ ವ್ಯತ್ಯಾಸದ ಮೇಲೆ. ಇಲ್ಲಿ ಗಾಢ, ಅಲ್ಲಿ ತಿಳಿ, ಇಲ್ಲಿ ಗೆರೆ, ಹೀಗೆ. ವ್ಯತ್ಯಾಸವೇ ಇಲ್ಲದಾಗ ಸ್ವಲ್ಪ ಹೊತ್ತಿಗೆ ಬಣ್ಣ ಕರಗಿ ಬೂದಾಗುತ್ತದೆ, ದೂರ ಹತ್ತಿರ ಗೊತ್ತಾಗುವುದಿಲ್ಲ, ಕೆಲವರಿಗೆ ಇಲ್ಲದ ಆಕಾರಗಳೂ ಕಾಣಲು ಶುರುವಾಗುತ್ತವೆ. ಜರ್ಮನಿಯ ಮನಶ್ಶಾಸ್ತ್ರಜ್ಞ ವುಲ್ಫ್‌ಗಾಂಗ್ ಮೆಟ್ಸ್‌ಗರ್ 1930ರ ಹೊತ್ತಿಗೇ ಇದನ್ನು ಪರೀಕ್ಷೆ ಮಾಡಿ ಬರೆದಿದ್ದರು. ಆಗುಂಬೆ ಘಾಟಿಯಲ್ಲಿ ಆಗಸ್ಟ್ ತಿಂಗಳ ಬೆಳಿಗ್ಗೆ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತವರಿಗೆ ಇದು ಗೊತ್ತು. ಹಾಲಿನ ಪಾತ್ರೆಯೊಳಗೆ ಕೂತ ಹಾಗೆ. ಬಿಳಿ, ಬರೀ ಬಿಳಿ, ಎದುರಿನ ತಿರುವು ಎಷ್ಟು ದೂರ ಅಂತ ಹೇಳಲು ಆಗುವುದಿಲ್ಲ. ರಾತ್ರಿಯಾದರೆ ಡ್ರೈವರ್ ಹೈಬೀಮ್ ಹಾಕುವುದಿಲ್ಲ, ಹಾಕಿದರೆ ಮಂಜಿಗೆ ಬಡಿದು ಅವರ ಕಣ್ಣಿಗೇ ವಾಪಸ್ ಬರುತ್ತದೆ. ಅವರಿಗೆ ಬೇಕಾದದ್ದು ರಸ್ತೆ ಬದಿಯ ಬಿಳಿ ಪಟ್ಟಿ, ಎದುರಿನ ಗಾಡಿಯ ಹಳದಿ ಚುಕ್ಕೆ, ಏನಾದರೂ ಒಂದು ಅಂಚು. ಮನೆಯಲ್ಲೇ ನೋಡಬೇಕು ಅಂದರೆ ಟೇಬಲ್ ಟೆನಿಸ್ ಚೆಂಡನ್ನು ಎರಡು ಹೋಳು ಮಾಡಿ, ಅಂಚು ಚುಚ್ಚದ ಹಾಗೆ ಉಜ್ಜಿ, ಕಣ್ಣಿನ ಮೇಲಿಟ್ಟುಕೊಂಡು ಕಿಟಕಿ ಬೆಳಕಿಗೆ ಸುಮ್ನೆ ಮಲಗಿ. ಹತ್ತು ನಿಮಿಷ ಬೇಕಾಗಬಹುದು. ಅವಸರ ಮಾಡಬೇಡಿ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ವಿಷಯಕ್ಕೆ ಬರುತ್ತೇನೆ. ಟರೆಲ್ ಬೇರೆ ಬೇರೆ ದೇಶಗಳಲ್ಲಿ 'ಸ್ಕೈಸ್ಪೇಸ್' ಅನ್ನುವ ಕೋಣೆಗಳನ್ನು ಕಟ್ಟಿದ್ದಾರೆ. ಕೋಣೆಯ ಚಾವಣಿಯಲ್ಲಿ ಒಂದು ದೊಡ್ಡ ಕಿಂಡಿ, ಸುತ್ತ ಕೂರಲು ಕಟ್ಟೆ. ಸಂಜೆ ಹೋಗಿ ಕೂತು ಮೇಲೆ ನೋಡುವುದು. ಇದನ್ನು ಓದಿದ ಕೂಡಲೇ ನನಗೆ ನೆನಪಾದದ್ದು ಅಮ್ಮನ ತವರಿನ ತೊಟ್ಟಿಮನೆ. ನಡುವೆ ತೆರೆದ ತೊಟ್ಟಿ, ಸುತ್ತ ಜಗಲಿ, ಮೇಲೆ ಚೌಕದ ಆಕಾಶ. ಮುಸ್ಸಂಜೆ ಹೊತ್ತಿಗೆ ಜಗಲಿಯಲ್ಲಿ ಕಾಲು ಚಾಚಿ ಕೂತು ಆ ಚೌಕ ನೋಡಿ. ಒಳಗೆ ದೀಪ ಹಾಕುವ ಮೊದಲು ಆಕಾಶ ಮಾಸಲು, ಬೂದಿಗೆ ಹತ್ತಿರದ ನೀಲಿ. ಯಾರಾದರೂ ಹಳದಿ ಬಲ್ಬಿನ ಸ್ವಿಚ್ ಹಾಕಿದರು ಅಂದುಕೊಳ್ಳಿ. ಆ ಕ್ಷಣವೇ ಚೌಕ ಕಡು ನೀಲಿ! ಸ್ವಿಚ್ ಆರಿಸಿ, ಮತ್ತೆ ಮಾಸಲು. ಆಕಾಶ ಬದಲಾಗಲಿಲ್ಲ, ಅಲ್ವಾ? ಸುತ್ತಲಿನ ಗೋಡೆ ಹಳದಿ ಆದ್ದರಿಂದ ಕಣ್ಣು ಅದನ್ನೇ ಬಿಳಿಯ ಲೆಕ್ಕಕ್ಕೆ ಹಿಡಿಯಿತು, ಆಗ ನೀಲಿ ಇನ್ನಷ್ಟು ನೀಲಿಯಾಯಿತು. ಟ್ಯೂಬ್‌ಲೈಟ್ ಹಾಕಿದರೆ ಇಷ್ಟು ಆಗುವುದಿಲ್ಲ, ಅದರ ಬೆಳಕು ಮೊದಲೇ ಬಿಳಿ. ಇದನ್ನು ನೋಡಲು ಸಿಗುವ ಹೊತ್ತು ತುಂಬಾ ಚಿಕ್ಕದು. ಸೂರ್ಯ ಮುಳುಗಿದ ಮೇಲೆ, ಪೂರ್ತಿ ಕತ್ತಲಾಗುವ ಮುಂಚೆ, ಆಕಾಶದ ಬೆಳಕೂ ಒಳಗಿನ ಬೆಳಕೂ ಹೆಚ್ಚುಕಮ್ಮಿ ಸಮ ಇರುವಾಗ ಮಾತ್ರ.

ಟರೆಲ್ ಮಾಡಿದ್ದೂ ಇದನ್ನೇ, ಆದರೆ ಹಟ ಹಿಡಿದು ಮಾಡಿದರು. ಗೋಡೆಯ ಬೆಳಕನ್ನು ನಿಧಾನವಾಗಿ ಬಣ್ಣದಿಂದ ಬಣ್ಣಕ್ಕೆ ಬದಲಿಸುತ್ತಾ ಹೋಗುತ್ತಾರೆ, ಅದಕ್ಕೆ ತಕ್ಕಂತೆ ಆಕಾಶ ನಮ್ಮ ಕಣ್ಣೆದುರೇ ಬಣ್ಣ ಬದಲಿಸುತ್ತದೆ. ಜೊತೆಗೆ ಕಿಂಡಿಯ ಅಂಚನ್ನು ಚಾಕುವಿನಷ್ಟು ತೆಳ್ಳಗೆ ಮಾಡುತ್ತಾರೆ. ಚಾವಣಿಯ ದಪ್ಪ ಕಾಣದಿದ್ದಾಗ ಆಕಾಶ ಎಷ್ಟು ಎತ್ತರದಲ್ಲಿದೆ ಅನ್ನುವ ಸುಳಿವು ಕಣ್ಣಿಗೆ ಸಿಗುವುದಿಲ್ಲ, ಚಾವಣಿಗೇ ಬಣ್ಣ ಬಳಿದಂತೆ ಚಪ್ಪಟೆಯಾಗಿ ಕೂತುಬಿಡುತ್ತದೆ. ನಮ್ಮ ತೊಟ್ಟಿಯಲ್ಲಿ ಹೆಂಚು, ರೀಪು, ಒಂದು ಹಗ್ಗದ ತುಂಡು ಎಲ್ಲ ಕಾಣುತ್ತವೆ, ಹಾಗಾಗಿ ಆಕಾಶ ಆಕಾಶದಲ್ಲೇ ಉಳಿಯುತ್ತದೆ. ಅರಿಜೋನಾದಲ್ಲಿ ರೋಡನ್ ಕ್ರೇಟರ್ ಅನ್ನುವ ಆರಿಹೋದ ಜ್ವಾಲಾಮುಖಿಯನ್ನೇ 1977ರಲ್ಲಿ ಕೊಂಡು ಅದರೊಳಗೆ ಇಂಥ ಕೋಣೆ, ಸುರಂಗಗಳನ್ನು ಇವತ್ತಿಗೂ ಕಟ್ಟಿಸುತ್ತಿದ್ದಾರೆ. ಒಬ್ಬ ಮನುಷ್ಯ ಆಕಾಶ ನೋಡುವ ಜಾಗಕ್ಕೆ ಅರ್ಧ ಆಯುಷ್ಯ ಕೊಟ್ಟಿದ್ದಾರೆ. ನಾವು ತೊಟ್ಟಿಗೆ ಶೀಟ್ ಹೊದಿಸುತ್ತಿದ್ದೇವೆ. ಇರಚಲು, ಸೋರುವುದು, ಚಳಿ, ಕಾರಣಗಳು ನಿಜವಾದವೇ, ಆ ಮನೆಯಲ್ಲಿ ಇರುವವರಿಗೆ ನಾನು ಬುದ್ಧಿ ಹೇಳುವುದಿಲ್ಲ. ಹೊದಿಸಲೇಬೇಕು ಅಂದರೆ ಒಂದು ಭಾಗಕ್ಕಾದರೂ ಗಾಜು ಹಾಕಿಸಿ ಅಂತ ಮಾತ್ರ ಬೇಡಿಕೊಳ್ಳುತ್ತೇನೆ.

ಸಂಜೆ ಹೊತ್ತಿಗೆ ಇನ್ನೊಂದು ನೋಡಬಹುದು. ಅಂಗಳದ ಕೆಂಪು ದಾಸವಾಳ. ಐದು ಗಂಟೆಗೆ ನೋಡಿದರೆ ಎಲೆಗಿಂತ ಹೂವೇ ಕಣ್ಣಿಗೆ ಹೊಡೆಯುತ್ತದೆ. ಕತ್ತಲು ಕವಿಯುತ್ತಾ ಬಂದ ಹಾಗೆ ಹೂವು ಕಪ್ಪಾಗುತ್ತದೆ, ಎಲೆಯೇ ತಿಳಿಯಾಗಿ ಎದ್ದು ಕಾಣುತ್ತದೆ. ಹತ್ತೊಂಬತ್ತನೇ ಶತಮಾನದ ಶುರುವಿನಲ್ಲಿ ಪುರ್ಕಿನ್ಯೆ ಅನ್ನುವ ಚೆಕ್ ವಿಜ್ಞಾನಿ ಇದನ್ನು ಗಮನಿಸಿದ್ದರಿಂದ ಅವರ ಹೆಸರೇ ಇದಕ್ಕೆ ಬಂದಿದೆ. ಹಗಲಿಗೆ ಕೆಲಸ ಮಾಡುವ ಕೋನ್ ಕೋಶಗಳು ಕಣ್ಣಿನಲ್ಲಿ ಸುಮಾರು 60 ಲಕ್ಷ ಇವೆ. ಬಣ್ಣ ತೋರಿಸುವುದು ಅವೇ. ಮಬ್ಬಿನಲ್ಲಿ ಕೆಲಸ ಮಾಡುವ ರಾಡ್ ಕೋಶಗಳು ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ, ಆದರೆ ಅವಕ್ಕೆ ಬಣ್ಣ ಗೊತ್ತಿಲ್ಲ, ಕೆಂಪಂತೂ ಹೆಚ್ಚುಕಮ್ಮಿ ಕಾಣುವುದೇ ಇಲ್ಲ. ಸಂಜೆ ಅಂದರೆ ಕಣ್ಣಿನೊಳಗೆ ಪಾಳಿ ಬದಲಾಗುವ ಹೊತ್ತು.

ಈ ಪಾಳಿ ಬದಲಾಗಲು ಸಮಯ ಹಿಡಿಯುತ್ತದೆ. ಕೋನ್‌ಗಳು ಹತ್ತು ನಿಮಿಷದಲ್ಲಿ ಕತ್ತಲೆಗೆ ಹೊಂದಿಕೊಳ್ಳುತ್ತವೆ, ರಾಡ್‌ಗಳಿಗೆ ಅರ್ಧ ಗಂಟೆಯಾದರೂ ಬೇಕು. ಬೆಳಕಿಗೆ ಕರಗಿದ ರೊಡಾಪ್ಸಿನ್ ಅನ್ನುವ ವಸ್ತು ಮತ್ತೆ ಕೂಡಿಕೊಳ್ಳಬೇಕಲ್ಲ, ಅದಕ್ಕೆ. ಕರೆಂಟ್ ಹೋದ ರಾತ್ರಿ ತೋಟದ ದಾರಿಯಲ್ಲಿ ಟಾರ್ಚ್ ಹಾಕದೆ ನಿಂತು ನೋಡಿ. ಮೊದಲು ಏನೂ ಇಲ್ಲ. ಆಮೇಲೆ ಅಡಿಕೆ ಮರದ ತಲೆ ಆಕಾಶದಿಂದ ಬೇರೆಯಾಗುತ್ತದೆ. ಆಮೇಲೆ ಕಾಲುವೆ ನೀರಿನ ಹೊಳಪು. ತುಂಬಾ ಹೊತ್ತಾದ ಮೇಲೆ ದಾರಿಯ ಮೇಲೆ ಬಿದ್ದಿರುವ ಸೋಗೆ ಕೂಡ ಕಾಣುತ್ತದೆ, ಅದೂ ನೇರ ನೋಡಿದರೆ ಮಾಯವಾಗುತ್ತದೆ, ಸ್ವಲ್ಪ ಪಕ್ಕಕ್ಕೆ ನೋಡಿದರೆ ಇದೆ! ಯಾಕೆಂದರೆ ಕಣ್ಣಿನ ನಟ್ಟನಡುವೆ, ನಾವು ದಿಟ್ಟಿಸಿ ನೋಡುವ ಜಾಗದಲ್ಲಿ ರಾಡ್‌ಗಳು ಇಲ್ಲ. ಇಷ್ಟೆಲ್ಲ ಆದ ಮೇಲೆ ಒಂದು ವಾಟ್ಸಾಪ್ ಮೆಸೇಜ್ ನೋಡಿದರೆ ಮತ್ತೆ ಮೊದಲಿನಿಂದ ಶುರು.

ಬೆಳಕಿನ ಇನ್ನೊಬ್ಬ ಕಲಾವಿದ ಓಲಾಫರ್ ಎಲಿಯಾಸನ್ ಬಗ್ಗೆ ಎರಡು ಮಾತು. 2003ರಲ್ಲಿ ಲಂಡನ್ನಿನ ಕಲಾ ಮ್ಯೂಸಿಯಂ ಟೇಟ್ ಮಾಡರ್ನ್‌ನ ದೊಡ್ಡ ಹಾಲ್‌ನಲ್ಲಿ ಅವರು 'ದಿ ವೆದರ್ ಪ್ರಾಜೆಕ್ಟ್' ಅಂತ ಸೂರ್ಯನನ್ನೇ ಕಟ್ಟಿದರು. ಕಟ್ಟಿದ್ದು ಅರ್ಧ ಸೂರ್ಯ, ಚಾವಣಿ ಪೂರ್ತಿ ಕನ್ನಡಿ ಹಾಕಿ ಇನ್ನರ್ಧ ತೋರಿಸಿದರು, ಗಾಳಿಗೆ ತೆಳು ಮಂಜು ಬಿಟ್ಟರು. ಐದಾರು ತಿಂಗಳಲ್ಲಿ 20 ಲಕ್ಷಕ್ಕೂ ಹೆಚ್ಚು ಜನ ಬಂದರು, ಎಷ್ಟೋ ಜನ ನೆಲದ ಮೇಲೆ ಮಲಗಿ ನೋಡಿದರು. ಆ ದೀಪಗಳು ಒಂದೇ ಒಂದು ಹಳದಿ ಬಣ್ಣ ಮಾತ್ರ ಕೊಡುವಂಥವು. ಹಾಗಾಗಿ ಕೆಂಪು ಅಂಗಿ, ನೀಲಿ ಚೀಲ ಎಲ್ಲ ಹಳದಿ ಇಲ್ಲವೇ ಕಪ್ಪು. ಹಳೇ ಸೋಡಿಯಂ ಬೀದಿದೀಪದ ಕೆಳಗೆ ಸೀರೆ ಬಣ್ಣ ಗೊತ್ತಾಗದೆ ಒದ್ದಾಡಿದವರಿಗೆ ಇದು ಅರ್ಥವಾಗುತ್ತದೆ.

ಬೆಳಕು ಬದಲಾದರೆ ಬಣ್ಣವೇ ಬದಲಾಗುತ್ತದೆ ಅನ್ನುವುದು ನಮ್ಮ ಕಡೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದದ್ದು ಯಕ್ಷಗಾನದವರಿಗೆ. ಆ ವೇಷಗಳೆಲ್ಲ ಹುಟ್ಟಿದ್ದು ದೊಂದಿ ಬೆಳಕಿಗೆ. ಬೆಂಕಿ ಬೆಳಕಿನಲ್ಲಿ ನೀಲಿ ತೀರಾ ಕಡಿಮೆ, ಕೆಂಪು ಹಳದಿಯೇ ಜಾಸ್ತಿ. ವೇಷದಲ್ಲಿ ಎದ್ದು ಕಾಣುವುದೂ ಕೆಂಪು, ಕಪ್ಪು, ಮತ್ತೆ ಮರದ ಆಭರಣದ ಮೇಲೆ ಅಂಟಿಸಿದ ಚಿನ್ನದ ಬಣ್ಣದ ಬೇಗಡೆ. ನಾನು ದೊಂದಿ ಬೆಳಕಿನ ಆಟ ನೋಡುವ ಮೊದಲು ಎಷ್ಟೋ ವರ್ಷ ಫೋಕಸ್ ಲೈಟಿನ ಆಟ ನೋಡಿ ಬೆಳೆದವನು. ದೊಂದಿಯಲ್ಲಿ ನೋಡಿದ ದಿನ ಬೇಗಡೆಯ ಕೆಲಸ ಏನು ಅಂತ ಗೊತ್ತಾಯಿತು. ಜ್ವಾಲೆ ಒಂದು ಕಡೆ ನಿಲ್ಲುವುದಿಲ್ಲ, ಭುಜಕೀರ್ತಿಯ ಒಂದೊಂದು ಚೂರೂ ಬೇರೆ ಬೇರೆ ಕ್ಷಣದಲ್ಲಿ ಹೊಳೆಯುತ್ತದೆ. ವೇಷ ಅಲುಗಾಡದೆ ನಿಂತರೂ ಎದೆ ಮೇಲೆ ಬೆಳಕು ಓಡಾಡುತ್ತಿರುತ್ತದೆ. ಬೆಳಕು ಪಕ್ಕದಿಂದ, ತಗ್ಗಿನಿಂದ ಬರುವುದರಿಂದ ಕಣ್ಣಿನ ಸುತ್ತ ಬರೆದ ಕಪ್ಪು ಗೆರೆ ಆಳಕ್ಕೆ ಇಳಿಯುತ್ತದೆ, ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರದ, ಮುಖದ ಬಿಳಿ ಚುಕ್ಕಿಗಳು ಮುಂದಕ್ಕೆ ಬರುತ್ತವೆ. ರಾಕ್ಷಸ ಬರುವಾಗ ದೊಂದಿಗೆ ರಾಳದ ಪುಡಿ ಎರಚಿದರು. ಭಗ್ ಅಂತ ಬೆಂಕಿ ಎದ್ದು ಆರಿದ ಮೇಲೆ ಒಂದು ಗಳಿಗೆ ಏನೂ ಕಾಣಲಿಲ್ಲ, ಕಣ್ಣಿನೊಳಗೆ ಆ ಕಿರೀಟದ ಅಚ್ಚು ಮಾತ್ರ ಉಳಿದಿತ್ತು. ನಮ್ಮ ಕಣ್ಣು ಕುರುಡಾಗುವ ಆ ಗಳಿಗೆಯನ್ನೂ ಲೆಕ್ಕ ಹಾಕಿ ಆಟ ಕಟ್ಟಿದ್ದಾರೆ ಅಂತಲೇ ನನಗೆ ಅನಿಸಿತು. ಅದೇ ವೇಷವನ್ನು ಬೆಳ್ಳನೆಯ ಎಲ್‌ಇಡಿ ಫೋಕಸ್‌ನಲ್ಲಿ ಎದುರಿನಿಂದ ಬೆಳಗಿದರೆ ಮುಖ ಚಪ್ಪಟೆ, ಬೇಗಡೆ ಬರೀ ಹಳದಿ ಕಾಗದ.

ಇಡೀ ರಾತ್ರಿ ದೊಂದಿ ಹಿಡಿದೇ ಆಡಿ ಅಂತ ಯಾವ ಮೇಳಕ್ಕೂ ಹೇಳಲು ಆಗುವುದಿಲ್ಲ, ಎಣ್ಣೆ ಖರ್ಚು, ಬೆಂಕಿ ಭಯ, ದೂರ ಕೂತವರಿಗೆ ಕಾಣದಿರುವುದು ಎಲ್ಲ ಇದೆ. ಆದರೆ ಎಲ್‌ಇಡಿಯಲ್ಲೂ ಹಳದಿ ಬಣ್ಣದ್ದು ಸಿಗುತ್ತದೆ. ಪ್ಯಾಕೆಟ್ ಮೇಲೆ ಬರೆದಿರುತ್ತಾರೆ, 6500 ಕೆ ಅಂದರೆ ನೀಲಿಗೆ ಹೋಗುವ ಬಿಳಿ, 2700 ಕೆ ಅಂದರೆ ಹಳೇ ಬಲ್ಬಿನ ಬಣ್ಣ. ದೀಪದ ಬೆಲೆ ಎರಡಕ್ಕೂ ಹೆಚ್ಚುಕಮ್ಮಿ ಒಂದೇ. ಎದುರಿನಿಂದ ಬಿಡುವುದನ್ನು ಕಡಿಮೆ ಮಾಡಿ ಪಕ್ಕದಿಂದ, ಸ್ವಲ್ಪ ಕೆಳಗಿನಿಂದ ಬಿಟ್ಟರೂ ಅರ್ಧದಷ್ಟು ವೇಷ ವಾಪಸ್ ಬರುತ್ತದೆ.

ಈಚೆಗೆ ಊರೂರಲ್ಲಿ ಗುಡ್ಡದ ಮೇಲೆ, ಕೆರೆ ದಂಡೆಯಲ್ಲಿ, ದೇವಸ್ಥಾನದ ಗೋಪುರಕ್ಕೆ ನೇರಳೆ, ಹಸಿರು ಫ್ಲಡ್‌ಲೈಟ್ ಬರುತ್ತಿವೆ. ನನಗೆ ಅದು ಸಂಕಟ ಕೊಡುತ್ತದೆ, ಸುಮ್ಮನೆ ಹೇಳುತ್ತಿಲ್ಲ. ಕಲ್ಲಿಗೆ ನೇರಳೆ ಬಿಟ್ಟರೆ ಕಲ್ಲು ಕಾಣುವುದಿಲ್ಲ, ನೇರಳೆ ಕಾಣುತ್ತದೆ. ಜೊತೆಗೆ ಮಿಂಚುಹುಳ. ಮೇ ಕೊನೆಗೆ ಮೊದಲ ಮಳೆ ಬಿದ್ದ ಮೇಲೆ ನಮ್ಮ ಹಳ್ಳದ ಬದಿಯ ಮರಗಳಲ್ಲಿ ಅವು ಸೇರುತ್ತವೆ. ಗಂಡು ಹೆಣ್ಣು ಒಂದನ್ನೊಂದು ಹುಡುಕುವುದೇ ಆ ಮಿನುಗಿನಿಂದ. ಪಕ್ಕದಲ್ಲಿ ರಾತ್ರಿಯಿಡೀ ದೊಡ್ಡ ದೀಪ ಉರಿದರೆ ಅವಕ್ಕೆ ಪರಸ್ಪರ ಕಾಣುವುದಿಲ್ಲ.

ಹಾಗಾಗಿ ಈ ಸಲ ನಮ್ಮ ಊರಿನ ಕಾರ್ತಿಕ ದೀಪೋತ್ಸವಕ್ಕೆ ಒಂದು ಕೆಲಸ ಮಾಡುತ್ತಿದ್ದೇವೆ. ಪ್ರತಿ ವರ್ಷ ಹಣತೆ ಸಾವಿರ ಹಚ್ಚುತ್ತೇವೆ, ಆದರೆ ಮೇಲೆ ನಾಲ್ಕು ಫೋಕಸ್ ಲೈಟ್ ಉರಿಯುತ್ತಿರುತ್ತದೆ, ಹಣತೆ ಉರಿಯುತ್ತಿದೆಯೋ ಇಲ್ಲವೋ ಬಗ್ಗಿ ನೋಡಬೇಕು. ಕಮಿಟಿಯ ಹಿರಿಯರ ಹತ್ತಿರ ಹೋಗಿ ಅರ್ಧ ಗಂಟೆ ಎಲ್ಲ ಲೈಟ್ ಆರಿಸೋಣ ಅಂತ ಕೇಳಿದೆವು. "ಎಂತ ಮಾರಾಯಾ, ಕತ್ತಲಲ್ಲಿ ಯಾರಾದ್ರೂ ಮೆಟ್ಟಿಲು ಎಡವಿ ಬಿದ್ರೆ ಎಂತ ಮಾಡೋದು?" ಅಂತ ಅವರು ಕೇಳಿದ್ದು ಸರಿಯಾದ ಪ್ರಶ್ನೆ. ಕೂತು ಮಾತಾಡಿ, ಪ್ರತಿ ಮೆಟ್ಟಿಲ ಎರಡೂ ತುದಿಗೆ ಹಣತೆ, ತಿರುವಿನಲ್ಲಿ ಒಬ್ಬೊಬ್ಬ ಹುಡುಗ, ಆರಿಸುವ ಹತ್ತು ನಿಮಿಷ ಮೊದಲು ಮೈಕಿನಲ್ಲಿ ಹೇಳುವುದು ಅಂತ ಆಯಿತು. ಒಮ್ಮೆಲೇ ಆರಿಸದೆ ಮೊದಲು ಬಿಳಿ ಫೋಕಸ್, ಆಮೇಲೆ ಸೀರಿಯಲ್ ಸೆಟ್, ಕೊನೆಗೆ ಬಾಗಿಲ ಬಲ್ಬು ಹೀಗೆ ಒಂದೊಂದೇ ಆರಿಸುತ್ತೇವೆ, ಕಣ್ಣಿಗೂ ಹೊಂದಿಕೊಳ್ಳಲು ಅವಕಾಶ ಬೇಕಲ್ಲ. ಜನರೇಟರ್ ನೋಡಿಕೊಳ್ಳುವವರಿಗೂ ಹೇಳಿ ಆಗಿದೆ. ಹತ್ತಿರದವರು ಬನ್ನಿ, ಏಳು ಗಂಟೆ ಒಳಗೆ ಬಂದು ಜಾಗ ಹಿಡಿದು ಕೂರಿ. ಫೋನ್ ತೆಗೆಯಬೇಡಿ, ನಿಮಗೋಸ್ಕರ ಅಲ್ಲದಿದ್ದರೂ ಪಕ್ಕದಲ್ಲಿ ಕೂತವರ ಕಣ್ಣಿಗೋಸ್ಕರ. ಬರುವಾಗ ಒಂದು ಶೀಶೆ ಎಳ್ಳೆಣ್ಣೆ ತಂದರೆ ಉಪಕಾರ, ಮೆಟ್ಟಿಲಿಗೆ ಹಚ್ಚುವ ಹಣತೆಗಳಿಗೆ ಇನ್ನೂ ಸ್ವಲ್ಪ ಕಮ್ಮಿ ಬೀಳುತ್ತಿದೆ.